ಮೂಟೆ ಕಟ್ಟುವ ಮುನ್ನ: ಗಡಿನಾಡ ಧ್ವನಿಮುದ್ರಣಗಳು, ಕಂಪನಿ ಫಾರ್ಮ್ಯಾಟುಗಳು ಮತ್ತು ಜಿಪ್ ಕಡತಗಳು

(ಗಡಿನಾಡ ಕನ್ನಡ ಸಮುದಾಯಗಳನ್ನು ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ. ಕೊನೆಯ ಪ್ರಶ್ನೋತ್ತರವನ್ನೂ ಸೇರಿಸಲಾಗಿದೆ.)

ನನಗಿಂತ ಮೊದಲು ಮಾತಾಡಿದವರು ಗಡಿಯಾಚೆಯ ಕನ್ನಡ ಶಾಲೆ, ಆಡಳಿತ, ಸಾಹಿತ್ಯ ಇವುಗಳ ಬಗ್ಗೆ ವಿವರವಾಗಿ ಹೇಳಿದರು. ಅವುಗಳ ಮುಂದೆ ನನ್ನ ವಿಷಯ ಬಹಳ ಸಣ್ಣದು ಅನ್ನಿಸಬಹುದು. ಕ್ಷೇತ್ರಕಾರ್ಯದಲ್ಲಿ ಮಾಡಿಕೊಂಡ ಧ್ವನಿಮುದ್ರಣಗಳನ್ನು ಕಂಪ್ಯೂಟರಿನಲ್ಲಿ ಹೇಗೆ ಕಟ್ಟಿಡಬೇಕು? ನಾನು ಹೇಳುವುದು ಇಷ್ಟೇ.

ಸಣ್ಣ ವಿಷಯ ಯಾಕಲ್ಲ ಅಂದರೆ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ 20 ವರ್ಷದವರಾಗಿದ್ದವರಿಗೆ ಈಗ 90ರ ಆಸುಪಾಸು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ದಿನಗಳನ್ನು, ಸೊಲ್ಲಾಪುರ, ಅಕ್ಕಲಕೋಟೆಯ ಏಕೀಕರಣದ ಸಭೆಗಳನ್ನು ಕಣ್ಣಾರೆ ಕಂಡವರು ಈಗ ಕೆಲವರೇ. ಅವರ ಮಾತು ಉಳಿದಿದ್ದರೆ ಬಹುಮಟ್ಟಿಗೆ 2000ದಿಂದ 2015ರ ನಡುವೆ ಅಧ್ಯಾಪಕರು, ಸಂಶೋಧನ ವಿದ್ಯಾರ್ಥಿಗಳು, ಊರಿನ ಆಸಕ್ತರು ಮಾಡಿಕೊಂಡ ಮುದ್ರಣಗಳಲ್ಲಿ ಉಳಿದಿದೆ. ಅದೇ ಕಾಲದಲ್ಲಿ ಕ್ಯಾಸೆಟ್ ಹೋಗಿ ಕಿಸೆಯಲ್ಲಿ ಹಿಡಿಸುವ ಡಿಜಿಟಲ್ ರೆಕಾರ್ಡರ್ ಬಂತು. ಆ ರೆಕಾರ್ಡರುಗಳಲ್ಲಿ ಅನೇಕವು ತಮ್ಮ ತಯಾರಕ ಕಂಪನಿಯ ತಂತ್ರಾಂಶಕ್ಕೆ ಮಾತ್ರ ಅರ್ಥವಾಗುವ ಫೈಲುಗಳನ್ನು ಮಾಡುತ್ತಿದ್ದವು. ಈಗ ನಮಗೆಲ್ಲ ಇರುವ ಅಭ್ಯಾಸ ಏನಪ್ಪಾ ಅಂದ್ರೆ, ಆ ಫೋಲ್ಡರನ್ನು ಹಾಗೇ ಹಿಡಿದು ಜಿಪ್ ಮಾಡಿ, ಹಾರ್ಡ್‌ಡಿಸ್ಕಿಗೋ ಡ್ರೈವಿಗೋ ಹಾಕಿ, "ಸಂರಕ್ಷಣೆ ಆಯಿತು" ಅಂತ ನಿಶ್ಚಿಂತರಾಗುವುದು.

ನನ್ನ ವಾದ ಒಂದೇ. ಜಿಪ್ ಅನ್ನುವುದು ಮೂಟೆ. ಒಳಗಿರುವ ವಸ್ತುವನ್ನು ಅದು ಉಳಿಸುವುದಿಲ್ಲ, ಒಟ್ಟಿಗೆ ಇಡುತ್ತದೆ, ಅಷ್ಟೇ. ಕಂಪನಿ ಫಾರ್ಮ್ಯಾಟಿನ ಧ್ವನಿಯನ್ನು ಮೊದಲು ಎಲ್ಲರೂ ಓದಬಲ್ಲ ರೂಪಕ್ಕೆ ತಂದು, ಆಮೇಲೆ ಮೂಟೆ ಕಟ್ಟಬೇಕು. ಈ ಕ್ರಮ ತಪ್ಪಿದರೆ ಮೂಟೆ ಉಳಿಯುತ್ತದೆ, ಧ್ವನಿ ಹೋಗುತ್ತದೆ.

1. ಬೀಗ ಒಳಗೆ, ಕೀಲಿಕೈ ಹೊರಗೆ

ಕಂಪನಿ ಫಾರ್ಮ್ಯಾಟ್ ಅಂದರೆ ಏನು ಅಂತ ಒಂದೆರಡು ಉದಾಹರಣೆ ನೋಡೋಣ. ಸೋನಿಯ ಹಳೆಯ ಧ್ವನಿ ರೆಕಾರ್ಡರುಗಳು ಡಿವಿಎಫ್, ಎಂಎಸ್‌ವಿ ಎಂಬ ಫೈಲುಗಳನ್ನು ಮಾಡುತ್ತಿದ್ದವು. ಅವನ್ನು ಓದಲು ಡಿಜಿಟಲ್ ವಾಯ್ಸ್ ಎಡಿಟರ್ ಎಂಬ ಅದೇ ಕಂಪನಿಯ ತಂತ್ರಾಂಶ ಬೇಕಾಗಿತ್ತು. ಒಲಿಂಪಸ್, ಫಿಲಿಪ್ಸ್, ಗ್ರುಂಡಿಗ್ ಸೇರಿ 1990ರ ದಶಕದಲ್ಲಿ ಡಿಎಸ್‌ಎಸ್ ತಂದವು. ಕಚೇರಿಗಳಲ್ಲಿ ಉಕ್ತಲೇಖನಕ್ಕಾಗಿ ಮಾಡಿದ್ದು ಅದು. ಅದರ ಮುಂದಿನ ರೂಪ ಡಿಎಸ್2ದಲ್ಲಿ ಗುಪ್ತಲಿಪಿಯ ಸೌಲಭ್ಯವೂ ಸೇರಿತು. ಇವಕ್ಕಿಂತ ಮುಂಚೆ, 1992ರಲ್ಲಿ ಬಂದ ಮಿನಿಡಿಸ್ಕ್ ಅಟ್ರ್ಯಾಕ್ ಎಂಬ ಪದ್ಧತಿಯಲ್ಲಿ ಧ್ವನಿಯನ್ನು ಕುಗ್ಗಿಸುತ್ತಿತ್ತು. ಜಾನಪದ ಮತ್ತು ಸಂಗೀತ ಸಂಶೋಧಕರಿಗೆ ಅದು ಬಹಳ ಪ್ರಿಯವಾಗಿತ್ತು.

ಮಿನಿಡಿಸ್ಕಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಫೈಲುಗಳಲ್ಲಿ ಕೆಲವಕ್ಕೆ ನಕಲು ತಡೆಯುವ ಬೀಗ ಇರುತ್ತಿತ್ತು. ಅದರ ಕೀಲಿ ಇರುತ್ತಿದ್ದುದು ಫೈಲಿನಲ್ಲಿ ಅಲ್ಲ, ಇಳಿಸಿಕೊಂಡ ಆ ಕಂಪ್ಯೂಟರಿನಲ್ಲಿ. ಇನ್ನೊಂದು ಕಂಪ್ಯೂಟರಿಗೆ ಫೈಲನ್ನು ನಕಲು ಮಾಡಿದರೆ ಅದು ಮಾತಾಡುವುದಿಲ್ಲ. ಇಂಥ ಫೈಲನ್ನು ಜಿಪ್ ಮಾಡಿದರೆ ನಾವು ಮೂಟೆ ಕಟ್ಟಿದ್ದು ಬೀಗವನ್ನು; ಕೀಲಿಕೈ ಗುಜರಿಗೆ ಹೋದ ಹಳೆಯ ಕಂಪ್ಯೂಟರಿನ ಜೊತೆ ಹೋಯಿತು.

ಇದರ ಎದುರಿಗೆ ಇನ್ನೊಂದನ್ನು ಇಟ್ಟು ನೋಡಿ. ಗ್ರಿಯರ್ಸನ್ ಅವರ ಭಾಷಾ ಸರ್ವೇಕ್ಷಣೆಯ ಅಂಗವಾಗಿ 20ನೇ ಶತಮಾನದ ಮೊದಲ ದಶಕಗಳಲ್ಲಿ ಭಾರತದ ಭಾಷೆಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿದರು. ಅವು ಇವತ್ತು ಷಿಕಾಗೋ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಲ್ಲಿ ಯಾರು ಬೇಕಾದರೂ ಕೇಳುವಂತೆ ಇವೆ. ನೂರು ವರ್ಷದ ಹಿಂದಿನ ತಟ್ಟೆಯಿಂದ ಧ್ವನಿ ಬಂದದ್ದು ಹೇಗೆ? ತಟ್ಟೆಯ ಗೀರಿನ ಆಕಾರವೇ ಧ್ವನಿಯ ಆಕಾರ. ಸರಿಯಾದ ಮುಳ್ಳು, ಸರಿಯಾದ ವೇಗ ಇದ್ದರೆ ಸಾಕು, ಯಾವ ಕಂಪನಿಯ ಅಪ್ಪಣೆಯೂ ಬೇಡ. ಆದರೆ 2005ರ ಡಿವಿಎಫ್ ಫೈಲಿನಲ್ಲಿರುವ ಸೊನ್ನೆ-ಒಂದುಗಳನ್ನು ನೋಡಿ ಧ್ವನಿಯನ್ನು ಊಹಿಸಲಾಗದು. ಬಿಚ್ಚುವ ಸೂತ್ರ ಬೇಕು, ಆ ಸೂತ್ರ ಕಂಪನಿಯ ಕೈಯಲ್ಲಿದೆ. ಹೊಸದು ಹಳೆಯದಕ್ಕಿಂತ ಬೇಗ ಮೂಕವಾಗಲು ಇದೇ ಕಾರಣ.

2. ಜಿಪ್ ಧ್ವನಿಯನ್ನು ಯಾಕೆ ಕುಗ್ಗಿಸುವುದಿಲ್ಲ

"ಜಾಗ ಉಳಿಯುತ್ತದಲ್ಲ?" ಅಂತ ಕೇಳುತ್ತಾರೆ. ಬಹಳ ಉಳಿಯುವುದಿಲ್ಲ. ಯಾಕೆ ಅನ್ನುವುದನ್ನು ತಿಳಿದುಕೊಂಡರೆ ಮುಂದಿನ ಕೆಲಸ ಸುಲಭ.

ಜಿಪ್ ಪದ್ಧತಿಯನ್ನು ಫಿಲ್ ಕಾಟ್ಜ್ 1989ರಲ್ಲಿ ತಂದರು. ಅದರೊಳಗೆ ಸಾಮಾನ್ಯವಾಗಿ ಬಳಸುವ ಕುಗ್ಗಿಸುವ ವಿಧಾನ ಎರಡು ಕೆಲಸ ಮಾಡುತ್ತದೆ. ಹಿಂದೆ ಬಂದ ಅಕ್ಷರಸರಣಿಯೇ ಮತ್ತೆ ಬಂದರೆ, ಅದನ್ನು ಪೂರ್ತಿ ಬರೆಯದೆ "ಇಷ್ಟು ಹಿಂದೆ ಹೋಗಿ ಇಷ್ಟು ಅಕ್ಷರ ತೆಗೆದುಕೋ" ಅಂತ ಗುರುತು ಹಾಕುತ್ತದೆ. ಹಾಗೇ ಹೆಚ್ಚು ಬಳಕೆಯ ಸಂಕೇತಗಳಿಗೆ ಗಿಡ್ಡ ಗುರುತು, ಅಪರೂಪದವಕ್ಕೆ ಉದ್ದ ಗುರುತು ಕೊಡುತ್ತದೆ. ಕನ್ನಡ ಪಠ್ಯಕ್ಕೆ ಇದು ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಪಠ್ಯದಲ್ಲಿ "ಅಲ್ಲಿ", "ಮತ್ತು", "ಇದೆ" ಮತ್ತೆ ಮತ್ತೆ ಬರುತ್ತವೆ. ಧ್ವನಿಯಲ್ಲಿ ಹಾಗಲ್ಲ. ಒಬ್ಬ ಅಜ್ಜಿ "ಬಾರೋ" ಅಂತ ಹತ್ತು ಸಲ ಅಂದರೂ ಹತ್ತು ಸಲದ ಅಲೆಯೂ ಬೇರೆ ಬೇರೆ. ಹಿಂದೆ ಫ್ಯಾನಿನ ಸದ್ದು, ಕೋಳಿ, ಬಸ್ಸು ಬೇರೆ. ಒಂದರಂತೆ ಒಂದು ಸಿಗದಿದ್ದಾಗ ಜಿಪ್ ಏನು ಮಾಡೀತು? ಕುಗ್ಗಿಸದ ವೇವ್ ಫೈಲಿನಲ್ಲೂ ಅದು ಉಳಿಸುವುದು ಅಲ್ಪ.

ಎಂಪಿ3, ಎಎಂಆರ್, ಡಿವಿಎಫ್ ಇವುಗಳ ವಿಷಯದಲ್ಲಂತೂ ಉಳಿತಾಯ ಇಲ್ಲವೆನ್ನುವಷ್ಟು ಕಡಿಮೆ. ಅವು ಆಗಲೇ ಹಿಂಡಿದ ಫೈಲುಗಳು. ಆದವಾನಿಯ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಜಿನ್ನಿಂಗ್ ಮಿಲ್ಲಿನಲ್ಲಿ ಯಂತ್ರ ಒತ್ತಿ ಕಟ್ಟಿದ ಹತ್ತಿ ಬೇಲನ್ನು ಮತ್ತೊಂದು ಚೀಲಕ್ಕೆ ತುರುಕಿದರೆ ಹತ್ತಿ ಕುಗ್ಗುವುದಿಲ್ಲ, ಚೀಲದ ತೂಕ ಸೇರುತ್ತದೆ.

ಧ್ವನಿಯನ್ನೇ ಗಮನದಲ್ಲಿಟ್ಟು ಮಾಡಿದ ಕುಗ್ಗಿಸುವ ವಿಧಾನ ಬೇರೆ ಇದೆ. ಅದು ಫ್ಲಾಕ್. 2001ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ಅದು ಮುಕ್ತ ಪದ್ಧತಿ, 2024ರಲ್ಲಿ ಅಂತರ್ಜಾಲದ ಅಧಿಕೃತ ಮಾನಕ ದಾಖಲೆಯಾಗಿಯೂ ಪ್ರಕಟವಾಯಿತು. ಫ್ಲಾಕ್ ಪುನರಾವರ್ತನೆ ಹುಡುಕುವುದಿಲ್ಲ. ಹಿಂದಿನ ಕೆಲವು ಬಿಂದುಗಳನ್ನು ನೋಡಿ ಮುಂದಿನ ಬಿಂದು ಎಲ್ಲಿರಬಹುದು ಅಂತ ಲೆಕ್ಕ ಹಾಕಿ, ಲೆಕ್ಕಕ್ಕೂ ನಿಜಕ್ಕೂ ಇರುವ ಸಣ್ಣ ವ್ಯತ್ಯಾಸವನ್ನು ಮಾತ್ರ ಬರೆದಿಡುತ್ತದೆ. ಬಿಚ್ಚಿದಾಗ ಮೂಲ ಧ್ವನಿ ಬಿಟ್ ಬಿಟ್ಟಾಗಿ ವಾಪಸ್ ಬರುತ್ತದೆ. ಮಾತಿನ ಮುದ್ರಣ ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ.

ಲೆಕ್ಕಕ್ಕೆ ಹೇಳುತ್ತೇನೆ. ಧ್ವನಿ ದಾಖಲೆ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಶಿಫಾರಸು ಮಾಡುವ ಕನಿಷ್ಠ ಮಟ್ಟ ಸೆಕೆಂಡಿಗೆ 48,000 ಸ್ಯಾಂಪಲ್, 24 ಬಿಟ್. ಒಂದೇ ಮೈಕಿನ ಮುದ್ರಣವಾದರೆ ಗಂಟೆಗೆ ಸುಮಾರು 518 ಎಂಬಿ. ಫ್ಲಾಕ್ ಮಾಡಿದರೆ ಸರಿಸುಮಾರು 250ರಿಂದ 300 ಎಂಬಿ. ಅದೇ ಒಂದು ಗಂಟೆ ಹಳೆಯ ಮೊಬೈಲಿನ ಎಎಂಆರ್‌ನಲ್ಲಿ ಅತಿ ಹೆಚ್ಚೆಂದರೆ 5.5 ಎಂಬಿ. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು?

3. ಕಳೆದುಹೋಗುವುದು ಏನು

ಸಾಮಾನ್ಯ ಎಎಂಆರ್ ಸೆಕೆಂಡಿಗೆ 8,000 ಸ್ಯಾಂಪಲ್ ತೆಗೆದುಕೊಳ್ಳುತ್ತದೆ. ಅಂದರೆ 4,000 ಹರ್ಟ್ಸಿಗಿಂತ ಮೇಲಿನದೇನೂ ಅದರಲ್ಲಿ ಇರಲು ಸಾಧ್ಯವೇ ಇಲ್ಲ. ನಮ್ಮ 'ಸ'ಕಾರದ ಶಕ್ತಿಯ ಬಹುಪಾಲು ಇರುವುದು ಅದರ ಮೇಲೆಯೇ. ಫೋನಿನಲ್ಲಿ ಹೆಸರು ಹೇಳುವಾಗ 'ಸ' ಯಾವುದು, 'ಫ' ಯಾವುದು ಅಂತ ಗೊಂದಲ ಆಗುವುದು ಇದಕ್ಕೇ.

ಗಡಿನಾಡ ಭಾಷೆಯ ಅಧ್ಯಯನಕ್ಕೆ ಇದು ನೇರವಾಗಿ ತಟ್ಟುತ್ತದೆ. ಮರಾಠಿಯಲ್ಲಿ ಚ-ಜಗಳಿಗೆ ಎರಡೆರಡು ಉಚ್ಚಾರಣೆ ಇವೆ. ಒಂದು ನಮ್ಮದರಂತೆ, ಇನ್ನೊಂದು ಹಲ್ಲಿಗೆ ತಾಗಿ 'ತ್ಸ', 'ದ್ಝ'ದ ಹಾಗೆ. ಸೊಲ್ಲಾಪುರ, ಜತ್ತದಲ್ಲಿ ಮನೆಯಲ್ಲಿ ಕನ್ನಡ, ಪ್ಯಾಟಿಯಲ್ಲಿ ಮರಾಠಿ ಆಡುವವರ ಬಾಯಲ್ಲಿ ಯಾವ ಪದಕ್ಕೆ ಯಾವುದು ಬರುತ್ತದೆ ಅನ್ನುವುದು ಒಳ್ಳೆಯ ಸಂಶೋಧನ ಪ್ರಶ್ನೆ. ಆ ವ್ಯತ್ಯಾಸದ ಮುಖ್ಯ ಸುಳಿವು ಮೇಲಿನ ಆವರ್ತನಗಳಲ್ಲೇ ಇದೆ. ಮುದ್ರಣದಲ್ಲಿ ಅದೇ ಕತ್ತರಿಸಿ ಹೋಗಿದ್ದರೆ ಪ್ರಶ್ನೆ ಕೇಳುವುದಕ್ಕೇ ಆಗುವುದಿಲ್ಲ. ನೀಲಗಿರಿಯ ಬಡಗದ ಉದಾಹರಣೆ ಇನ್ನೂ ಸ್ಪಷ್ಟ. ಅದರಲ್ಲಿ ನಾಲಿಗೆ ಹಿಂದಕ್ಕೆ ಮಡಿಚಿ ಆಡುವ ಮೂರ್ಧನ್ಯ ಸ್ವರಗಳಿವೆ ಎಂದು ಎಮಿನೋ 1939ರಲ್ಲೇ ಬರೆದರು. ಪ್ರಪಂಚದ ಭಾಷೆಗಳಲ್ಲಿ ಅದು ಬಹಳ ಅಪರೂಪ. ಇವತ್ತಿನ ಬಡಗರ ಮಾತಿನಲ್ಲಿ ಅದು ಎಷ್ಟು ಉಳಿದಿದೆ ಎಂದು ತೂಗಿ ನೋಡಲು ಹಿಂದಿನ ತಲೆಮಾರಿನ ಶುದ್ಧ ಮುದ್ರಣ ಬೇಕೇ ಬೇಕು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಡಿವಿಎಫ್ ಅಥವಾ ಎಎಂಆರ್ ಫೈಲನ್ನು ವೇವ್‌ಗೆ ಬದಲಾಯಿಸಿದರೆ ಕಳೆದುಹೋದದ್ದು ವಾಪಸ್ ಬರುವುದಿಲ್ಲ. ಇನ್ನು ಮುಂದೆ ಕಳೆಯುವುದು ನಿಲ್ಲುತ್ತದೆ. ಆದರೆ ಡಿವಿಎಫ್‌ನಿಂದ ನೇರ ಎಂಪಿ3ಗೆ ಹೋದರೆ ಎರಡನೇ ಸಲ ಕತ್ತರಿ ಬೀಳುತ್ತದೆ. ಕೇಳುವ ಪ್ರತಿಗೆ ಎಂಪಿ3 ಇರಲಿ, ಕಾಪಿಡುವ ಪ್ರತಿಗೆ ಬೇಡ.

4. ಕಟ್ಟುವ ಕ್ರಮ

ಈಗ ಕೆಲಸದ ವಿಷಯ. ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ದೊಡ್ಡ ಸಂಸ್ಥೆ ಬೇಕಾಗಿಲ್ಲ, ಮನೆಯಲ್ಲಿ ಒಂದು ಕಂಪ್ಯೂಟರ್ ಇದ್ದರೆ ಸಾಕು.

ಮೊದಲು, ಮೂಲ ಫೈಲನ್ನು ಹೆಸರು ಸಹಿತ ಹಾಗೇ ನಕಲು ಮಾಡಿ. ತಕ್ಷಣ ಅದರ ಎಸ್‌ಎಚ್‌ಎ-256 ಮೊತ್ತ ತೆಗೆಯಿರಿ. ಇದು ಫೈಲಿನ ಹೆಬ್ಬೆಟ್ಟಿನ ಗುರುತಿನ ಹಾಗೆ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಮೊತ್ತ ಪೂರ್ತಿ ಬೇರೆಯಾಗುತ್ತದೆ. ಹತ್ತು ವರ್ಷದ ನಂತರ ಮತ್ತೆ ತೆಗೆದು ನೋಡಿದಾಗ ಹೊಂದಿದರೆ ಫೈಲು ಕೆಟ್ಟಿಲ್ಲ ಎಂದರ್ಥ.

ಎರಡನೆಯದು, ಕಂಪನಿಯ ತಂತ್ರಾಂಶ ಎಲ್ಲಾದರೂ ಓಡುತ್ತಿರುವಾಗಲೇ, ಅದರಿಂದ ವೇವ್ ಆಗಿ ಹೊರತೆಗೆಯಿರಿ. ಹಳೆಯ ವಿಂಡೋಸ್ ಇರುವ ಕಂಪ್ಯೂಟರನ್ನು ಅದಕ್ಕಾಗಿಯೇ ಉಳಿಸಿಕೊಂಡರೂ ನಷ್ಟವಿಲ್ಲ. ಕೆಲವು ಫಾರ್ಮ್ಯಾಟುಗಳನ್ನು ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶವೂ ಬಿಚ್ಚುತ್ತದೆ. ಸಾಮಾನ್ಯ ಡಿಎಸ್‌ಎಸ್, ಬೀಗವಿಲ್ಲದ ಅಟ್ರ್ಯಾಕ್, ಎಎಂಆರ್ ಅದರಲ್ಲಿ ಸೇರಿವೆ. ಹೊರತೆಗೆದ ಮೇಲೆ ಶುರು, ನಡು, ಕೊನೆ ಮೂರೂ ಕಡೆ ಕಿವಿಗೊಟ್ಟು ಕೇಳಿ, ಒಟ್ಟು ಅವಧಿ ತಾಳೆ ನೋಡಿ.

ಮೂರನೆಯದು, ವೇವ್ ಅನ್ನು ಫ್ಲಾಕ್ ಮಾಡಿ. ಫ್ಲಾಕ್ ತನ್ನೊಳಗೇ ಮೂಲ ಧ್ವನಿಯ ಮೊತ್ತ ಇಟ್ಟುಕೊಂಡಿರುತ್ತದೆ, ಹಾಗಾಗಿ ಮುಂದೆ ಪರೀಕ್ಷೆ ಸುಲಭ. ನಿಮ್ಮದು ಪ್ರಸಾರ ವೇವ್ ಆಗಿದ್ದು ಅದರ ತಲೆಯಲ್ಲಿ ದಿನಾಂಕ, ವಿವರಣೆ ಇದ್ದರೆ, ಆ ಹೆಚ್ಚುವರಿ ಮಾಹಿತಿಯನ್ನೂ ಉಳಿಸು ಅಂತ ಪ್ರತ್ಯೇಕವಾಗಿ ಹೇಳಬೇಕು. ಇಲ್ಲಾಂದ್ರೆ ಧ್ವನಿ ಬರುತ್ತದೆ, ಟಿಪ್ಪಣಿ ಬಿದ್ದುಹೋಗುತ್ತದೆ.

ನಾಲ್ಕನೆಯದು, ಒಂದು ಸರಳ ಪಠ್ಯ ಫೈಲು. ಯುನಿಕೋಡ್ ಕನ್ನಡದಲ್ಲೇ ಬರೆಯಿರಿ. ಯಾರು ಮಾತಾಡಿದರು, ಯಾವ ಊರು, ಯಾವ ದಿನ, ಮನೆಮಾತು ಯಾವುದು, ಬೇರೆ ಯಾವ ಭಾಷೆ ಬರುತ್ತದೆ, ಏನು ಹೇಳಿದರು, ಯಾವ ಯಂತ್ರ, ಯಾವ ಫಾರ್ಮ್ಯಾಟಿನಿಂದ ಬದಲಾಯಿಸಿದ್ದು. ಊರಿನ ಹೆಸರನ್ನು ಸ್ಥಳೀಯರು ಹೇಳುವ ಹಾಗೂ ಬರೆಯಿರಿ, ಸರ್ಕಾರಿ ಕಾಗದದಲ್ಲಿರುವ ಹಾಗೂ ಬರೆಯಿರಿ. ಗಡಿಯಲ್ಲಿ ಒಂದೇ ಊರಿಗೆ ಎರಡು ಹೆಸರು ಇರುವುದು ಮಾಮೂಲು. ಫೈಲಿನ ದಿನಾಂಕವನ್ನು ನಂಬಿ ಕೂರಬೇಡಿ. ಬ್ಯಾಟರಿ ತೆಗೆದರೆ ಎಷ್ಟೋ ರೆಕಾರ್ಡರುಗಳ ಗಡಿಯಾರ ಮೊದಲಿಗೆ ಹೋಗುತ್ತದೆ.

ಐದನೆಯದು, ಈಗ ಮೂಟೆ. ಮೂಲ ಫೈಲು, ಫ್ಲಾಕ್, ಕೇಳುವ ಪ್ರತಿ, ವಿವರ, ಒಪ್ಪಿಗೆ ಪತ್ರದ ಪ್ರತಿ, ಎಲ್ಲದರ ಎಸ್‌ಎಚ್‌ಎ-256 ಪಟ್ಟಿ ಒಂದು ಫೋಲ್ಡರಿನಲ್ಲಿ. ಹೀಗೆ ಫೋಲ್ಡರ್ ಜೋಡಿಸುವುದಕ್ಕೆ ಬ್ಯಾಗಿಟ್ ಎಂಬ ಒಪ್ಪಿತ ಪದ್ಧತಿಯೇ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮೊದಲಾದವು ರೂಪಿಸಿದ ಈ ಪದ್ಧತಿ 2018ರಲ್ಲಿ ಮಾನಕ ದಾಖಲೆಯಾಗಿ ಬಂತು. ಆ ಫೋಲ್ಡರನ್ನು ಜಿಪ್ ಮಾಡುವಾಗ "ಕುಗ್ಗಿಸದೆ ಸುಮ್ಮನೆ ಸೇರಿಸು" ಎಂಬ ಆಯ್ಕೆ ಸಾಕು. ಕುಗ್ಗಿಸುವ ಕೆಲಸ ಫ್ಲಾಕ್ ಆಗಲೇ ಮಾಡಿದೆ.

ಮೂಟೆ ದೊಡ್ಡದಾಗಬಾರದು. ಒಂದು ಸಂದರ್ಶನಕ್ಕೆ ಒಂದು ಜಿಪ್. ಹಳೆಯ ಜಿಪ್ ಪದ್ಧತಿಗೂ ನಾವು ಬಳಸುವ ಎಷ್ಟೋ ಪೆನ್‌ಡ್ರೈವುಗಳ ವ್ಯವಸ್ಥೆಗೂ ಒಂದು ಫೈಲಿಗೆ 4 ಜಿಬಿ ಮಿತಿ ಇದೆ. ಇನ್ನೊಂದು ಕಾರಣವೂ ಉಂಟು. ಜಿಪ್‌ನ ಒಳಗಿನ ಪರಿವಿಡಿ ಇರುವುದು ಫೈಲಿನ ಕೊನೆಯಲ್ಲಿ. ನಕಲು ಅರ್ಧಕ್ಕೆ ನಿಂತರೆ ಪರಿವಿಡಿಯೇ ಇಲ್ಲದೆ ಮೂಟೆ ತೆರೆಯುವುದಿಲ್ಲ, ದುರಸ್ತಿ ಮಾಡಬೇಕಾಗುತ್ತದೆ. ನೂರು ಸಂದರ್ಶನ ಒಂದೇ ಮೂಟೆಯಲ್ಲಿದ್ದರೆ ನೂರೂ ಒಟ್ಟಿಗೆ ಸಿಕ್ಕಿಬೀಳುತ್ತವೆ.

ಫೈಲಿನ ಹೆಸರುಗಳು ಮಾತ್ರ ರೋಮನ್ ಅಕ್ಷರ, ಅಂಕಿಗಳಲ್ಲಿ ಇರಲಿ: ಊರು, ದಿನಾಂಕ, ಕ್ರಮಸಂಖ್ಯೆ. ಕನ್ನಡಿಗನಾಗಿ ಇದನ್ನು ಹೇಳಲು ಇಷ್ಟವಿಲ್ಲ, ಆದರೆ ಕಾರಣ ಇದೆ. ಜಿಪ್ ಹುಟ್ಟಿದಾಗ ಅದಕ್ಕೆ ಗೊತ್ತಿದ್ದದ್ದು ಹಳೆಯ ಐಬಿಎಂ ಅಕ್ಷರಪಟ್ಟಿ. ಯುನಿಕೋಡ್ ಹೆಸರಿಗೆ ಗುರುತು ಹಾಕುವ ವ್ಯವಸ್ಥೆ ಬಂದದ್ದು 2006ರಲ್ಲಿ. ಅದನ್ನು ಪಾಲಿಸದ ತಂತ್ರಾಂಶದಲ್ಲಿ ಬಿಚ್ಚಿದರೆ "ತಾಳವಾಡಿ" ಅನ್ನುವುದು ಅರ್ಥವಾಗದ ಗೀಟುಗಳಾಗಿ ಹೊರಬರುತ್ತದೆ. ಕನ್ನಡ ಒಳಗಿನ ವಿವರದಲ್ಲಿ ಇರಲಿ, ಅಲ್ಲಿ ಅದು ಭದ್ರ.

ಕೊನೆಯದು, ಮೂರು ಪ್ರತಿ. ಎರಡು ಬೇರೆ ಬೇರೆ ಮಾಧ್ಯಮದಲ್ಲಿ, ಒಂದು ಬೇರೆ ಊರಿನಲ್ಲಿ. ಇಲ್ಲಿ ನನ್ನದೊಂದು ಸಲಹೆ ಇದೆ. ಕಾಸರಗೋಡಿನವರ ಒಂದು ಪ್ರತಿ ಸೊಲ್ಲಾಪುರದವರಲ್ಲಿ ಇರಲಿ, ರಾಯದುರ್ಗದವರದ್ದು ಹೊಸೂರಿನವರಲ್ಲಿ ಇರಲಿ. ನಾಲ್ಕೈದು ರಾಜ್ಯಗಳಲ್ಲಿ ಹಂಚಿಹೋಗಿರುವುದು ನಮ್ಮ ಕಷ್ಟ ಅಂತ ಯಾವಾಗಲೂ ಹೇಳುತ್ತೇವೆ. ಪ್ರತಿಗಳನ್ನು ಕಾಪಾಡುವ ವಿಷಯದಲ್ಲಿ ಅದೇ ನಮ್ಮ ಅನುಕೂಲ.

5. ಧ್ವನಿ ಯಾರದು

ಸ್ವಾಮ್ಯ ಅಂದಾಗ ಫಾರ್ಮ್ಯಾಟಿನ ಸ್ವಾಮ್ಯ ಮಾತ್ರ ಅಲ್ಲ. ಹಾಡಿದವರ, ಮಾತಾಡಿದವರ ಹಕ್ಕೂ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ ಪ್ರಕಟಣೆಯ ನಂತರ 60 ವರ್ಷ, ಪ್ರದರ್ಶಕರ ಹಕ್ಕಿಗೆ 50 ವರ್ಷದ ರಕ್ಷಣೆ ಇದೆ. ಕಾಯ್ದೆಗಿಂತ ಮುಖ್ಯವಾದದ್ದು ವಿಶ್ವಾಸ. ವಯನಾಡಿನ ಜೇನುಕುರುಬರ ಹಿರಿಯರೊಬ್ಬರು "ಇದು ನಮ್ಮ ಹಾಡಿಯವರಿಗೆ ಮಾತ್ರ" ಅಂತ ಹೇಳಿ ಹಾಡಿದ್ದರೆ, ಆ ಮಾತೂ ಮೂಟೆಯೊಳಗಿನ ವಿವರದಲ್ಲಿ ಅವರು ಹೇಳಿದ ಹಾಗೇ ಇರಬೇಕು. ಮೂವತ್ತು ವರ್ಷದ ಮೇಲೆ ಮೂಟೆ ಬಿಚ್ಚುವವರಿಗೆ ನಾವು ಹೇಳಲು ಇರುವುದಿಲ್ಲ, ಕಾಗದ ಹೇಳಬೇಕು.

ಪ್ರಶ್ನೋತ್ತರ

ಪ್ರಶ್ನೆ (ಜತ್ತದಿಂದ): ಸರ್, ಅಂಥ ಖಾಸಗಿ ಮುದ್ರಣಕ್ಕ ಜಿಪ್ ಪಾಸ್‌ವರ್ಡ್ ಹಾಕಿದ್ರ ಸಾಕಲ್ರಿ?

ಹಾಕಬಹುದ್ರೀ, ಆದರ ಎರಡು ಎಚ್ಚರ. ಜಿಪ್‌ನ ಹಳೆಯ ಗುಪ್ತಲಿಪಿ ದುರ್ಬಲ ಅಂತ 1994ರಲ್ಲೇ ತೋರಿಸಿದ್ದಾರೆ. ಎಇಎಸ್ ಆಯ್ಕೆ ಮಾಡಿಕೊಳ್ಳಿ. ಆಗಲೂ ಒಳಗಿನ ಫೈಲುಗಳ ಹೆಸರು ಹೊರಗೇ ಕಾಣುತ್ತವೆ, ಹಾಗಾಗಿ ಹೆಸರಿನಲ್ಲಿ ವ್ಯಕ್ತಿಯ ಗುರುತು ಬೇಡ. ಎರಡನೆಯದು, ಪಾಸ್‌ವರ್ಡ್ ಗೊತ್ತಿರುವ ಒಬ್ಬರು ಹೋದರೆ ಮುದ್ರಣವೂ ಹೋದ ಹಾಗೆ. ಕನಿಷ್ಠ ಇಬ್ಬರ ಹತ್ತಿರ ಕಾಗದದ ಮೇಲೆ ಬರೆದಿಡಿ.

ಪ್ರಶ್ನೆ (ಕಾಸರಗೋಡಿನಿಂದ): ನಾವು ವಾಟ್ಸ್ಆ್ಯಪಿನಲ್ಲೇ ಒಬ್ಬರಿಂದೊಬ್ಬರಿಗೆ ಕಳಿಸುವುದು. ಅದರಲ್ಲಿ ಧ್ವನಿ ಹಾಳಾಗುತ್ತದಾ?

ಮೈಕ್ ಗುಂಡಿ ಒತ್ತಿ ಕಳಿಸುವ ಧ್ವನಿ ಸಂದೇಶ ಓಪಸ್ ಎಂಬ ಪದ್ಧತಿಯಲ್ಲಿ ಕುಗ್ಗಿರುತ್ತದೆ. ಓಪಸ್ ಮುಕ್ತ ಪದ್ಧತಿಯೇ, ಆದರೆ ನಷ್ಟ ಇದ್ದದ್ದೇ. ಆಗಲೇ ಮಾಡಿದ ಮುದ್ರಣವನ್ನು 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿದರೆ ಬದಲಾಗದೆ ಹೋಗುತ್ತದೆ. ತಲುಪಿದ ಮೇಲೆ ಎಸ್‌ಎಚ್‌ಎ ಮೊತ್ತ ತಾಳೆ ನೋಡಿದರೆ ಸಂಶಯವೇ ಬೇಡ.

ಪ್ರಶ್ನೆ (ಮಡಕಶಿರಾದಿಂದ): ರಾರ್, ಸೆವೆನ್‌ಜಿಪ್ ಇನ್ನೂ ಚೆನ್ನಾಗಿ ಕುಗ್ಗಿಸುತ್ತವೆ ಅಂತಾರಲ್ಲ?

ಪಠ್ಯಕ್ಕೆ ಹೌದು. ಆದರೆ ರಾರ್ ಕೂಡ ಸ್ವಾಮ್ಯದ ಪದ್ಧತಿಯೇ. ಕಂಪನಿ ಫಾರ್ಮ್ಯಾಟಿನಿಂದ ಹೊರಬಂದು ಮತ್ತೊಂದು ಅಂಥದ್ದರಲ್ಲೇ ಮೂಟೆ ಕಟ್ಟುವುದೇಕೆ? ಸೆವೆನ್‌ಜಿಪ್ ಮುಕ್ತ. ಅದರಲ್ಲಿ ಅನೇಕ ಫೈಲುಗಳನ್ನು ಒಂದೇ ಗಟ್ಟಿಯಾಗಿ ಸೇರಿಸುವ ರೂಢಿ ಇದೆ, ನಡುವೆ ಒಂದು ಕಡೆ ಕೆಟ್ಟರೆ ಅದರ ಮುಂದಿನವೂ ಕೈತಪ್ಪಬಹುದು. ಜಿಪ್ ಪ್ರತಿಯೊಂದು ಫೈಲನ್ನೂ ಬೇರೆ ಬೇರೆಯಾಗಿ ಇಡುತ್ತದೆ. ಧ್ವನಿಯಲ್ಲಿ ಉಳಿಯುವ ಜಾಗ ಹೇಗೂ ಸ್ವಲ್ಪವೇ, ಆದ್ದರಿಂದ ನನ್ನ ಮತ ಜಿಪ್‌ಗೆ.

ಪ್ರಶ್ನೆ (ತಾಳವಾಡಿಯಿಂದ): ಮುಂದೆ ಮಾಡುವ ಮುದ್ರಣಕ್ಕೆ ಏನು ಮಾಡಬೇಕು?

ಶುರುವಿನಲ್ಲೇ ರೆಕಾರ್ಡರಿನ ಸೆಟ್ಟಿಂಗಿಗೆ ಹೋಗಿ ವೇವ್ ಅಥವಾ ಪಿಸಿಎಂ ಆರಿಸಿ, 48,000, 24 ಬಿಟ್ ಇಡಿ. ಇಲ್ಲದಿದ್ದರೆ 16 ಬಿಟ್ ಆದರೂ ಸರಿ. ಆಗ ಬಿಚ್ಚುವ ತಾಪತ್ರಯವೇ ಇಲ್ಲ. ಆದರೆ ಹೊಸದಕ್ಕೆ ಹೊರಡುವ ಮೊದಲು ಮನೆಯ ಡ್ರಾದಲ್ಲಿರುವ ಹಳೆಯದನ್ನು ತೆಗೆಯಿರಿ. ಹೊಸ ಮುದ್ರಣವನ್ನು ಮುಂದಿನ ತಿಂಗಳೂ ಮಾಡಬಹುದು. ಹಳೆಯದರಲ್ಲಿ ಮಾತಾಡಿದವರು ಮತ್ತೆ ಮಾತಾಡುವುದಿಲ್ಲ, ಆ ತಂತ್ರಾಂಶ ಓಡುವ ಕಂಪ್ಯೂಟರೂ ಬಹಳ ದಿನ ಇರುವುದಿಲ್ಲ.